ಗೇಲಿಕ್ ಫಲಕ ಬರೆಸುವ ಮುನ್ನ: ಸ್ಕಾಟ್ಲೆಂಡಿನ ಸಣ್ಣ ವ್ಯಾಪಾರಿಗಳಿಗೆ ಒಂದು ಮಾರ್ಗದರ್ಶಿ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿರುವ ಸ್ಕೈ ದ್ವೀಪದಲ್ಲಿ 1973ರಲ್ಲಿ ರಸ್ತೆ ಕೆಲಸಕ್ಕೆ ಜಮೀನು ಬೇಕಾಯಿತು. ಜಮೀನಿನ ಒಡೆಯರಾದ ಇಯನ್ ನೋಬಲ್ ಅವರು ಪೋರ್ಟ್‌ರೀ ಊರಿನ ರಸ್ತೆ ಫಲಕಗಳಲ್ಲಿ ಇಂಗ್ಲಿಷಿನ ಜೊತೆಗೆ ಸ್ಕಾಟ್ಲೆಂಡಿನ ಹಳೆಯ ಭಾಷೆಯಾದ ಗೇಲಿಕ್ ಕೂಡ ಇರಬೇಕೆಂಬ ಷರತ್ತಿನ ಮೇಲೆ ಜಾಗ ಬಿಟ್ಟುಕೊಟ್ಟರು. ಅದೇ ವರ್ಷ ಅವರ ಮುಂದಾಳುತನದಲ್ಲಿ ದ್ವೀಪದ ದಕ್ಷಿಣಕ್ಕಿರುವ ಸ್ಲೇಟ್ ಎಂಬಲ್ಲಿ ಸಾವಲ್ ಮೋರ್ ಓಸ್ಟಿಕ್ ಎಂಬ ಗೇಲಿಕ್ ಕಾಲೇಜು ಆರಂಭವಾಯಿತು. ಹಳೆಯ ತೋಟದ ಕಟ್ಟಡವೊಂದರಲ್ಲಿ ಶುರುವಾದದ್ದರಿಂದ ಅದರ ಹೆಸರಿಗೆ ‘ಓಸ್ಟಿಕ್‌ನ ದೊಡ್ಡ ಕಣಜ’ ಎಂದೇ ಅರ್ಥ. ನೋಬಲ್ ಅವರು ಬ್ಯಾಂಕಿಂಗ್ ಹಿನ್ನೆಲೆಯವರು. ಅಲ್ಲಿಯೇ ಹೋಟೆಲು ನಡೆಸಿದರು, ಮುಂದೆ ವಿಸ್ಕಿ ಕಂಪನಿಯನ್ನೂ ಕಟ್ಟಿ ಬಾಟಲಿಯ ಮೇಲೆ ಗೇಲಿಕ್ ಹೆಸರನ್ನೇ ಹಾಕಿದರು. ಭಾಷೆಗೆ ದುಡಿಯುವುದು ಮತ್ತು ವ್ಯಾಪಾರ ಮಾಡುವುದು ಎರಡು ಬೇರೆ ಕೆಲಸಗಳೆಂದು ಅವರು ಭಾವಿಸಿರಲಿಲ್ಲ. ಆ ನಂಬಿಕೆಯನ್ನೇ ಹಿಡಿದು, ಹೈಲ್ಯಾಂಡ್ಸ್ ಎಂಬ ಉತ್ತರದ ಬೆಟ್ಟನಾಡಿನಲ್ಲಿ ಮತ್ತು ದ್ವೀಪಗಳಲ್ಲಿ ಅಂಗಡಿ, ಕೆಫೆ, ಅತಿಥಿಗೃಹ ನಡೆಸುವವರಿಗೆ, ಅಲ್ಲಿ ನೆಲೆಸಿ ವ್ಯಾಪಾರಕ್ಕೆ ಇಳಿದಿರುವ ಕನ್ನಡಿಗರಿಗೂ ಸೇರಿದಂತೆ, ಎರಡು ಭಾಷೆಯ ಫಲಕ ಹಾಕಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲಿಗೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕರ್ನಾಟಕದಲ್ಲಿ ವಾಣಿಜ್ಯ ನಾಮಫಲಕದ ಶೇಕಡ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂದು 2024ರ ತಿದ್ದುಪಡಿ ಹೇಳುತ್ತದೆ. ಸ್ಕಾಟ್ಲೆಂಡಿನಲ್ಲಿ ಅಂಥ ಕಡ್ಡಾಯವಿಲ್ಲ. 2005ರ ಗೇಲಿಕ್ ಭಾಷಾ ಕಾಯ್ದೆಯೂ ಗೇಲಿಕ್‌ಗೆ ಅಧಿಕೃತ ಸ್ಥಾನ ಕೊಟ್ಟ 2025ರ ಸ್ಕಾಟಿಷ್ ಭಾಷೆಗಳ ಕಾಯ್ದೆಯೂ ಹೊಣೆ ಹೊರಿಸುವುದು ಸರ್ಕಾರಿ ಸಂಸ್ಥೆಗಳ ಮೇಲೆ. ಖಾಸಗಿ ಅಂಗಡಿಯವರು ಇಷ್ಟಪಟ್ಟರೆ ಮಾತ್ರ ಹಾಕಿಸಬಹುದು. ಆದ್ದರಿಂದ ನಿಮ್ಮ ಬಾಗಿಲ ಮೇಲಿನ ಗೇಲಿಕ್ ಅಕ್ಷರಗಳನ್ನು ನೋಡಿದವರಿಗೆ ಅವನ್ನು ನೀವಾಗಿಯೇ ಬರೆಸಿದ್ದೀರಿ ಎಂಬುದು ಹೇಳದೆಯೇ ತಿಳಿಯುತ್ತದೆ. ಫಲಕದ ಬೆಲೆ ಇರುವುದೇ ಅಲ್ಲಿ.

ಹಾಗಾದರೆ ಓದುವವರು ಯಾರು? 2022ರ ಜನಗಣತಿಯ ಪ್ರಕಾರ ಗೇಲಿಕ್ ಮಾತನಾಡುವವರು 69,701 ಮಂದಿ. ಮಾತು, ಓದು, ಬರಹ, ಗ್ರಹಿಕೆ ಇವುಗಳಲ್ಲಿ ಯಾವುದಾದರೊಂದು ಬಲ್ಲವರು 1,30,161 ಮಂದಿ. ಸ್ಕಾಟ್ಲೆಂಡಿನ ಜನಸಂಖ್ಯೆ 54 ಲಕ್ಷಕ್ಕೂ ಮೇಲಿರುವಾಗ ಇದು ಚಿಕ್ಕ ಸಂಖ್ಯೆ, ಮತ್ತು ಇವರೆಲ್ಲರಿಗೂ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಹೀಗಾಗಿ ಗೇಲಿಕ್ ಫಲಕವನ್ನು ಮಾಹಿತಿ ತಿಳಿಸುವುದಕ್ಕಾಗಿ ಹಾಕುವುದಿಲ್ಲ. ಊರಿನವರಿಗೆ ಅದು ಈ ಅಂಗಡಿ ನಮ್ಮದು ಎನ್ನಿಸುತ್ತದೆ. ಪ್ರವಾಸಿಗೆ ತಾನು ಎಲ್ಲೋ ಒಂದು ಕಡೆಗಲ್ಲ, ಈ ಊರಿಗೇ ಬಂದಿದ್ದೇನೆ ಎನ್ನಿಸುತ್ತದೆ. 2019ರ ಕೊನೆಯಲ್ಲಿ ಡ್ಯುಯೊಲಿಂಗೊ ಎಂಬ ಭಾಷೆ ಕಲಿಸುವ ಆ್ಯಪ್‌ನಲ್ಲಿ ಆರಂಭವಾದ ಗೇಲಿಕ್ ಪಾಠಗಳಿಗೆ ಜಗತ್ತಿನಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸೇರಿದ್ದಾರೆ. ಅವರಲ್ಲಿ ಒಬ್ಬರು ಸ್ಕೈಗೆ ಬಂದಾಗ, ಕಲಿತ ಪದವೊಂದನ್ನು ಬೇಕರಿಯ ಗಾಜಿನ ಮೇಲೆ ಕಂಡರೆ ಒಳಗೆ ಬಾರದೆ ಮುಂದೆ ಹೋಗುವುದು ಕಷ್ಟ. ಹೈಲ್ಯಾಂಡ್ಸ್ ಮತ್ತು ದ್ವೀಪಗಳ ಅಭಿವೃದ್ಧಿ ಸಂಸ್ಥೆ ಮಾಡಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಗೇಲಿಕ್ ಭಾಷೆ ಸ್ಕಾಟ್ಲೆಂಡಿನ ಆರ್ಥಿಕತೆಗೆ ತಂದುಕೊಡಬಹುದಾದ ಮೌಲ್ಯ 8.2 ಕೋಟಿಯಿಂದ 14.9 ಕೋಟಿ ಪೌಂಡ್‌ವರೆಗೆ ಇರಬಹುದೆಂದು ಅಂದಾಜು ಮಾಡಿತ್ತು.

ನಿಮ್ಮ ಊರಿಗೆ ಗೇಲಿಕ್ ಸಲ್ಲುತ್ತದೆಯೇ ನೋಡಿ

ಸ್ಕಾಟ್ಲೆಂಡಿನ ಎಲ್ಲ ಊರುಗಳಿಗೂ ಗೇಲಿಕ್ ಒಂದೇ ರೀತಿ ಸಲ್ಲುವುದಿಲ್ಲ. ಶೆಟ್ಲೆಂಡ್ ಮತ್ತು ಆರ್ಕ್ನಿ ದ್ವೀಪಗಳ ಹಳೆಯ ಭಾಷೆ ನಾರ್ಸ್ ಮೂಲದ್ದು. ಅಲ್ಲಿ ಗೇಲಿಕ್ ಫಲಕ ಹಾಕಿದರೆ ಸ್ಥಳೀಯರಿಗೆ ಅದು ಹೊರಗಿನಿಂದ ತಂದಿಟ್ಟ ಅಲಂಕಾರವಾಗಿ ಕಾಣುತ್ತದೆ. ಈಶಾನ್ಯ ಮೂಲೆಯ ಕೇತ್‌ನೆಸ್‌ನಲ್ಲಿ ಎರಡು ಭಾಷೆಯ ರಸ್ತೆ ಫಲಕಗಳಿಗೆ ವಿರೋಧವೇ ಬಂದಿತ್ತು. ಆದರೆ ಸ್ಕೈ, ಲೂಯಿಸ್, ಹ್ಯಾರಿಸ್, ಯೂಇಸ್ಟ್ ದ್ವೀಪಗಳು, ಓಬನ್, ಫೋರ್ಟ್ ವಿಲಿಯಮ್, ಇನ್‌ವರ್ನೆಸ್ ಸುತ್ತಲಿನ ಊರುಗಳಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಪಶ್ಚಿಮ ದ್ವೀಪಗಳ ಕೌನ್ಸಿಲ್ 1975ರಲ್ಲಿ ಸ್ಥಾಪನೆಯಾದಾಗಲೇ ದ್ವಿಭಾಷಾ ನೀತಿ ಹಿಡಿದಿತ್ತು. ಗ್ಲಾಸ್ಗೋ ನಗರದಲ್ಲಿ ಹೈಲ್ಯಾಂಡ್ಸ್‌ನಿಂದ ವಲಸೆ ಬಂದ ಕುಟುಂಬಗಳ ಮತ್ತು ಗೇಲಿಕ್ ಮಾಧ್ಯಮದ ಶಾಲೆಗಳ ಕಾರಣದಿಂದ ಗೇಲಿಕ್‌ಗೆ ಬೇರೆಯದೇ ನೆಲೆಯಿದೆ.

ಊರಿನ ಹೆಸರನ್ನೇ ಸ್ವಲ್ಪ ಕೆದಕಿ ನೋಡಿ. ಇನ್‌ವರ್ನೆಸ್ ಎಂದರೆ ನೆಸ್ ನದಿಯ ಮುಖ. ಮಲ್ ದ್ವೀಪದ ಟೋಬರ್ಮೋರಿ ಎಂದರೆ ಮೇರಿಯ ಬಾವಿ. ಬಾಲಹೂಲಿಷ್ ಎಂದರೆ ಕಿರುಜಲಸಂಧಿಯ ದಡದ ಹಳ್ಳಿ. ಇಂಗ್ಲಿಷ್ ಕಾಗುಣಿತದಲ್ಲಿ ಅರ್ಥ ಕಳೆದುಕೊಂಡಿದ್ದ ಈ ಹೆಸರುಗಳು ಗೇಲಿಕ್‌ನಲ್ಲಿ ಬರೆದಾಗ ಮತ್ತೆ ಮಾತನಾಡುತ್ತವೆ. ಇಂಥ ಹೆಸರಿರುವ ಊರಿನಲ್ಲಿ ನೀವಿದ್ದರೆ ನಿಮ್ಮ ಫಲಕದ ಅರ್ಧ ಕೆಲಸವನ್ನು ಊರೇ ಮಾಡಿಕೊಟ್ಟಿದೆ.

ಪದಗಳನ್ನು ಆರಿಸುವುದು

ಆರಂಭದಲ್ಲೇ ಎಲ್ಲವನ್ನೂ ಎರಡು ಭಾಷೆಯಲ್ಲಿ ಬರೆಸಲು ಹೋಗಬೇಡಿ. ಹೊರಗಿನ ಮುಖ್ಯ ಫಲಕ, ಬಾಗಿಲಿಗೆ ತೂಗುವ ‘ತೆರೆದಿದೆ’ ಮತ್ತು ‘ಮುಚ್ಚಿದೆ’ ಹಲಗೆ, ಒಳಗೆ ಬಂದವರನ್ನು ಸ್ವಾಗತಿಸುವ ಒಂದು ಸಾಲು, ಶೌಚಾಲಯದ ಗುರುತು, ಇಷ್ಟು ಸಾಕು. ಸ್ವಾಗತಕ್ಕೆ ಫಾಲ್ಚ, ತೆರೆದಿದೆ ಎನ್ನಲು ಫೋಸ್ಕಲ್ಚ, ಮುಚ್ಚಿದೆ ಎನ್ನಲು ಡೂನ್ಚ, ಅಂಗಡಿಗೆ ಬೂ, ಹೋಟೆಲಿಗೆ ತೈ-ಓಸ್ತ: ಇವು ಎಲ್ಲರೂ ಬಳಸುವ, ತಪ್ಪಿಗೆ ಅವಕಾಶ ಕಡಿಮೆಯಿರುವ ಪದಗಳು. ಜನರನ್ನು ಉದ್ದೇಶಿಸಿ ಬರೆಯುವ ಸಾಲುಗಳಲ್ಲಿ ಬಹುವಚನದ ಗೌರವರೂಪವನ್ನೇ ಬಳಸಬೇಕು. ನಾವು ಅಂಗಡಿಯ ಬಾಗಿಲಲ್ಲಿ ‘ಒಳಗೆ ಬನ್ನಿ’ ಎಂದು ಬರೆಯುತ್ತೇವೆಯೇ ಹೊರತು ‘ಒಳಗೆ ಬಾ’ ಎಂದು ಬರೆಯುವುದಿಲ್ಲ, ಗೇಲಿಕ್‌ನಲ್ಲೂ ಅದೇ ಮರ್ಯಾದೆಯಿದೆ.

ಪದಕ್ಕೆ ಪದ ಇಟ್ಟು ಹೆಸರು ಕಟ್ಟುವುದರಲ್ಲಿ ಅಪಾಯವಿದೆ. ಒಂದು ಉದಾಹರಣೆ ಸಾಕು. ಬಾಡಿಗೆಗೆ ಕೊಡುವ ನಿಮ್ಮ ಪುಟ್ಟ ಮನೆಗೆ ಗೇಲಿಕ್ ಹೆಸರಿಡಬೇಕೆಂದು ನಿಘಂಟು ತೆರೆಯುತ್ತೀರಿ. ತೈ ಎಂದರೆ ಮನೆ, ಬೇಕ್ ಎಂದರೆ ಚಿಕ್ಕದು. ವಿಶೇಷಣ ನಾಮಪದದ ನಂತರ ಬರಬೇಕೆಂಬ ನಿಯಮವನ್ನೂ ಪಾಲಿಸಿ ‘ತೈ ಬೇಕ್’ ಎಂದು ಬರೆಸುತ್ತೀರಿ. ವ್ಯಾಕರಣದಲ್ಲಿ ಒಂದಿಷ್ಟೂ ತಪ್ಪಿಲ್ಲ. ಆದರೆ ಗೇಲಿಕ್ ಬಲ್ಲ ಪ್ರತಿಯೊಬ್ಬರಿಗೂ ತೈ-ಬೇಕ್ ಎಂದರೆ ಶೌಚಾಲಯ! ಅತಿಥಿಗೃಹದ ಬಾಗಿಲ ಮೇಲೆ, ಬುಕಿಂಗ್ ಪುಟದಲ್ಲಿ, ಬೀಗದ ಕೈಯ ಬಿಲ್ಲೆಯ ಮೇಲೆ ಅದೇ ಪದ. ನಿಘಂಟು ಕೊಡುವುದು ಪದದ ಅರ್ಥವನ್ನು. ಅದು ಬಳಕೆಯಲ್ಲಿ ಏನಾಗಿದೆ ಎಂಬುದನ್ನು ಆ ಭಾಷೆಯಲ್ಲಿ ಬದುಕುವವರು ಮಾತ್ರ ಹೇಳಬಲ್ಲರು.

ಎರಡನೆಯ ತೊಡಕು ಪದದ ಮೊದಲ ಅಕ್ಷರ ಮೆದುವಾಗುವುದು. ಕನ್ನಡಿಗರಿಗೆ ಇದು ಅಪರಿಚಿತವಲ್ಲ. ಬೆಟ್ಟ ಮತ್ತು ತಾವರೆ ಸೇರಿದಾಗ ‘ಬೆಟ್ಟದಾವರೆ’, ಮಳೆ ಮತ್ತು ಕಾಲ ಸೇರಿದಾಗ ‘ಮಳೆಗಾಲ’ ಆಗುವಂತೆ ಗೇಲಿಕ್‌ನಲ್ಲೂ ಪಕ್ಕದ ಪದ, ಲಿಂಗ ಮತ್ತು ವಿಭಕ್ತಿಗಳ ಪ್ರಭಾವದಿಂದ ಪದದ ಮೊದಲ ವ್ಯಂಜನ ಬದಲಾಗುತ್ತದೆ. ‘ದೊಡ್ಡ’ ಎಂಬ ಅರ್ಥದ ಮೋರ್ ಎಂಬ ಪದವು ಪುಲ್ಲಿಂಗವಾದ ‘ಮನೆ’ ಪದದ ನಂತರ ಮೋರ್ ಆಗಿಯೇ ಉಳಿಯುತ್ತದೆ; ಸ್ತ್ರೀಲಿಂಗವಾದ ‘ಅಂಗಡಿ’ ಪದದ ನಂತರ ವೋರ್ ಆಗುತ್ತದೆ. ಊರಿನ ಹೆಸರಿಗೂ ಹೀಗೆಯೇ. ಪೋರ್ಟ್‌ರೀ ಊರಿನ ಗೇಲಿಕ್ ಹೆಸರು ಒಂಟಿಯಾಗಿ ನಿಂತಾಗ ಪ-ಕಾರದಿಂದ ಆರಂಭವಾಗುತ್ತದೆ; ‘ಪೋರ್ಟ್‌ರೀಯ ಪ್ರೌಢಶಾಲೆ’ ಎಂದಾಗ ಅದೇ ಹೆಸರು ಫ-ಕಾರಕ್ಕೆ ತಿರುಗುತ್ತದೆ, ಬರವಣಿಗೆಯಲ್ಲಿ ‘ಪಿ’ ಅಕ್ಷರದ ಪಕ್ಕ ‘ಎಚ್’ ಸೇರುತ್ತದೆ. ಊರ ಮುಂದಿನ ರಸ್ತೆ ಫಲಕದಿಂದ ಹೆಸರನ್ನು ಹಾಗೆಯೇ ನಕಲು ಮಾಡಿ ನಿಮ್ಮ ಅಂಗಡಿಯ ಹೆಸರಿಗೆ ಅಂಟಿಸಿದರೆ ಸಾಮಾನ್ಯವಾಗಿ ತಪ್ಪಾಗುವುದು ಇಲ್ಲಿಯೇ.

ಅನುವಾದ ಯಾರಿಂದ ಮಾಡಿಸಬೇಕು

ಗೂಗಲ್ ಅನುವಾದದಲ್ಲಿ 2016ರಿಂದ ಸ್ಕಾಟಿಷ್ ಗೇಲಿಕ್ ಇದೆ. ಪತ್ರವೊಂದರ ಸಾರಾಂಶ ತಿಳಿಯಲು ಅದು ನೆರವಾಗಬಹುದು. ಹತ್ತು ಹದಿನೈದು ವರ್ಷ ಬಿಸಿಲು ಮಳೆಗೆ ನಿಲ್ಲುವ ಫಲಕಕ್ಕೆ ಅದನ್ನು ನಂಬಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಊರ ಹೆಸರು, ಬೀದಿಯ ಹೆಸರು, ಮನೆಯ ಹೆಸರುಗಳಿಗೆ ಗೇಲಿಕ್ ಸ್ಥಳನಾಮಗಳ ರಾಷ್ಟ್ರೀಯ ಸಲಹಾ ಸಂಸ್ಥೆಯಾದ ‘ಎನೆಮನ್ ಆಚ ನ ಹಾಲಪ’ ಇದೆ. ಅದರ ದತ್ತಾಂಶ ಕೋಶವನ್ನು ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಪದಗಳಿಗೆ ಉಚ್ಚಾರಣೆಯ ಧ್ವನಿಯನ್ನೂ ಕೇಳಿಸುವ ಲರ್ನ್‌ಗೇಲಿಕ್ ನಿಘಂಟು ಅನುಕೂಲಕರ. ಇವೆರಡನ್ನೂ ನೋಡಿದ ಮೇಲೆ, ವೃತ್ತಿನಿರತ ಅನುವಾದಕರೊಬ್ಬರಿಂದ ಬರೆಸಿ, ಬೇರೊಬ್ಬ ಗೇಲಿಕ್ ಭಾಷಿಕರಿಂದ ಓದಿಸಿ. ಆ ಎರಡನೆಯವರು ನಿಮ್ಮ ಊರಿನವರೇ ಆದರೆ ಒಳ್ಳೆಯದು. ಏಕೆಂದರೆ ಒಂದೇ ವಸ್ತುವಿಗೆ ಲೂಯಿಸ್‌ನಲ್ಲಿ ಒಂದು ಪದ, ಸ್ಕೈಯಲ್ಲಿ ಇನ್ನೊಂದು ಪದ ರೂಢಿಯಲ್ಲಿರಬಹುದು.

ಅನುವಾದಕರಿಗೆ ಬರೀ ಪದಗಳ ಪಟ್ಟಿ ಕಳಿಸಬೇಡಿ. ಈ ಸಾಲು ಎಲ್ಲಿ ನಿಲ್ಲುತ್ತದೆ, ಎಷ್ಟು ಅಗಲದ ಹಲಗೆ, ಯಾರು ಓದುತ್ತಾರೆ ಎಂದು ತಿಳಿಸಿ. ಸಾಧ್ಯವಾದರೆ ಜಾಗದ ಚಿತ್ರವನ್ನೂ ಕಳಿಸಿ. ಇಂಗ್ಲಿಷಿನಲ್ಲಿ ‘ಓಪನ್’ ಎಂಬ ಒಂದೇ ಪದ ‘ತೆರೆದಿದೆ’ ಎಂದೂ ‘ತೆರೆಯಿರಿ’ ಎಂದೂ ಆಗಬಲ್ಲದು. ಗೇಲಿಕ್‌ನಲ್ಲಿ ಎರಡಕ್ಕೂ ಬೇರೆ ರೂಪ ಬೇಕು.

ಉತ್ತರ ಬಂದ ಮೇಲೆ ಅದು ನೀವು ಕೇಳಿದ್ದೇ ಎಂದು ಖಾತ್ರಿ ಮಾಡಿಕೊಳ್ಳುವುದನ್ನು ಮರೆಯಬಾರದು. ನೆರೆಯ ವೇಲ್ಸ್ ದೇಶದ ಸ್ವಾನ್ಸಿ ನಗರದಲ್ಲಿ 2008ರಲ್ಲಿ ಭಾರೀ ವಾಹನಗಳಿಗೆ ಪ್ರವೇಶವಿಲ್ಲವೆಂಬ ರಸ್ತೆ ಫಲಕದ ವೆಲ್ಷ್ ಅನುವಾದಕ್ಕಾಗಿ ಇಮೇಲ್ ಕಳಿಸಿದಾಗ, ಅನುವಾದಕರು ಕಚೇರಿಯಲ್ಲಿಲ್ಲ ಎಂಬ ಸ್ವಯಂಚಾಲಿತ ವೆಲ್ಷ್ ಉತ್ತರ ಬಂತು. ಅದನ್ನೇ ಅನುವಾದವೆಂದು ತಿಳಿದು ಫಲಕಕ್ಕೆ ಅಚ್ಚು ಹಾಕಿ ರಸ್ತೆಯ ಬದಿ ನಿಲ್ಲಿಸಲಾಯಿತು. ಕೆಲಸದ ಸರಪಳಿಯಲ್ಲಿ ಆ ಭಾಷೆ ಓದಬಲ್ಲ ಒಬ್ಬರೂ ಇಲ್ಲದಿದ್ದರೆ ಆಗುವುದು ಹೀಗೆ. ನಿಮ್ಮ ಫಲಕದ ಕೆಲಸದಲ್ಲಿ ಆ ಒಬ್ಬರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಅಕ್ಷರ, ಬಣ್ಣ, ದೀರ್ಘ

ಗೇಲಿಕ್ ವರ್ಣಮಾಲೆಯಲ್ಲಿ 18 ಅಕ್ಷರಗಳಿವೆ. ಇಂಗ್ಲಿಷಿನ ಜೆ, ಕೆ, ಕ್ಯೂ, ವಿ, ಡಬ್ಲ್ಯೂ, ಎಕ್ಸ್, ವೈ, ಝಡ್ ಅದರಲ್ಲಿಲ್ಲ. ಆದರೆ ಸ್ವರಗಳ ತಲೆಯ ಮೇಲೆ ಎಡದಿಂದ ಬಲಕ್ಕೆ ಇಳಿಯುವ ಒಂದು ಓರೆಗೆರೆ ಬರುತ್ತದೆ. ಇದು ನಮ್ಮ ದೀರ್ಘದ ಹಾಗೆ. ‘ಬಲ’ ಮತ್ತು ‘ಬಾಲ’ ಒಂದೇ ಅಲ್ಲವಲ್ಲ. ಗೇಲಿಕ್‌ನಲ್ಲಿ ಬಾತ ಎಂದರೆ ದೋಣಿ, ಗೆರೆ ಬಿಟ್ಟು ಬತ ಎಂದರೆ ಕೋಲು. ಬಾಸ್ ಎಂದರೆ ಸಾವು, ಬಸ್ ಎಂದರೆ ಅಂಗೈ. ದೋಣಿ ವಿಹಾರದ ಫಲಕದಲ್ಲಿ ಗೆರೆ ಬಿದ್ದುಹೋದರೆ ನೀವು ಪ್ರವಾಸಿಗಳಿಗೆ ಕೋಲಿನ ವಿಹಾರ ಮಾಡಿಸುವವರಾಗುತ್ತೀರಿ. ಗೆರೆ ವಾಲುವ ದಿಕ್ಕೂ ಮುಖ್ಯ. ಐರ್ಲೆಂಡಿನ ಗೇಲಿಕ್‌ನಲ್ಲಿ ಅದು ಬಲಕ್ಕೆ ಏರುತ್ತದೆ, ಸ್ಕಾಟ್ಲೆಂಡಿನ ಇಂದಿನ ಕಾಗುಣಿತದಲ್ಲಿ ಬಲಕ್ಕೆ ಇಳಿಯುತ್ತದೆ. ಎಲ್ಲವನ್ನೂ ದೊಡ್ಡಕ್ಷರಗಳಲ್ಲಿ ಬರೆಸಿದರೂ ಗೆರೆಯನ್ನು ಬಿಡುವಂತಿಲ್ಲ.

ಫಲಕ ಮಾಡುವವರ ಅಂಗಡಿಯಲ್ಲಿ ಆ ಗೆರೆ ಕಳೆದುಹೋಗುವ ಜಾಗ ಒಂದಿದೆ. ಗಾಜಿಗೆ ಅಂಟಿಸುವ ವಿನೈಲ್ ಅಕ್ಷರಗಳನ್ನು ಯಂತ್ರ ಕತ್ತರಿಸಿದ ನಂತರ, ಬೇಡದ ಭಾಗವನ್ನು ಕೊಕ್ಕೆಯಂಥ ಸಣ್ಣ ಸಲಕರಣೆಯಿಂದ ಕೈಯಲ್ಲೇ ಕಿತ್ತು ತೆಗೆಯುತ್ತಾರೆ. ಅಕ್ಷರಕ್ಕೆ ತಾಗದೆ ಮೇಲೆ ಬಿಡಿಯಾಗಿ ನಿಂತಿರುವ ಅಕ್ಕಿಕಾಳಿನಷ್ಟು ಗೆರೆ, ಸುತ್ತಲಿನ ಚೂರಿನ ಜೊತೆ ಎದ್ದು ಬರುತ್ತದೆ. ಭಾಷೆ ಗೊತ್ತಿಲ್ಲದ ಕೆಲಸಗಾರರಿಗೆ ಅದು ಕಸವಾಗಿಯೇ ಕಾಣುತ್ತದೆ. ಆದ್ದರಿಂದ ಎರಡು ಕೆಲಸ ಮಾಡಿ: ಆರ್ಡರ್ ಕೊಡುವಾಗ ಪ್ರತಿ ಪದದಲ್ಲಿ ಎಷ್ಟು ಗೆರೆಗಳಿವೆ ಎಂದು ಎಣಿಸಿ ಕಾಗದದಲ್ಲಿ ಬರೆದುಕೊಡಿ, ಅಂಟಿಸಲು ಬಂದ ದಿನ ಆ ಕಾಗದ ಹಿಡಿದು ಪಕ್ಕದಲ್ಲಿ ನಿಂತು ಎಣಿಸಿ. ಅಚ್ಚಿಗೆ ಮುನ್ನ ಬರುವ ಕರಡನ್ನು ನಿಮ್ಮ ಅನುವಾದಕರಿಗೂ ಕಳಿಸಿ, ಅವರು ಒಪ್ಪಿದ ಮೇಲಷ್ಟೇ ಮುಂದುವರಿಯಲು ಹೇಳಿ.

ಇನ್ನು ಅಕ್ಷರದ ಶೈಲಿ. ಹಳೆಯ ಹಸ್ತಪ್ರತಿಗಳ ಹಾಗೆ ಸುರುಳಿ ಸುತ್ತಿದ ‘ಸೆಲ್ಟಿಕ್’ ಫಾಂಟುಗಳನ್ನು ಬಳಸಲು ಅನೇಕರು ಆಸೆಪಡುತ್ತಾರೆ. ಐರ್ಲೆಂಡಿನಲ್ಲಿ ಗೇಲಿಕ್ ಅಚ್ಚಿಗೆ ಪ್ರತ್ಯೇಕ ಲಿಪಿಶೈಲಿಯಿತ್ತು. ಸ್ಕಾಟ್ಲೆಂಡಿನಲ್ಲಾದರೋ 1567ರಲ್ಲಿ ಎಡಿನ್‌ಬರೋದಲ್ಲಿ ಮೊದಲ ಗೇಲಿಕ್ ಪುಸ್ತಕ ಮುದ್ರಣವಾದಾಗಿನಿಂದಲೂ ಸಾಮಾನ್ಯ ರೋಮನ್ ಅಚ್ಚೇ ನಡೆದುಬಂದಿದೆ. ಇಂಗ್ಲಿಷಿಗೆ ಸಾದಾ ಅಕ್ಷರ, ಗೇಲಿಕ್‌ಗೆ ಸುರುಳಿ ಅಕ್ಷರ ಕೊಟ್ಟರೆ ಒಂದು ಇಂದಿನ ಭಾಷೆ, ಇನ್ನೊಂದು ವಸ್ತುಸಂಗ್ರಹಾಲಯದ ಭಾಷೆ ಎಂದು ನೀವೇ ಹೇಳಿದಂತಾಗುತ್ತದೆ. ಎರಡಕ್ಕೂ ಒಂದೇ ಫಾಂಟು, ಒಂದೇ ಗಾತ್ರ ಇರಲಿ. ಗೇಲಿಕ್ ಮೇಲೆ, ಇಂಗ್ಲಿಷ್ ಕೆಳಗೆ ಇರಲಿ. ಬಣ್ಣ ಮಾತ್ರ ಬೇರೆಯಾಗಲಿ. ಹೈಲ್ಯಾಂಡ್ಸ್‌ನ ಬಿಳಿ ಹಿನ್ನೆಲೆಯ ರಸ್ತೆ ಫಲಕಗಳಲ್ಲಿ ಗೇಲಿಕ್ ಹಸಿರಿನಲ್ಲಿ, ಇಂಗ್ಲಿಷ್ ಕಪ್ಪಿನಲ್ಲಿ ಇರುವುದರಿಂದ ಜನರ ಕಣ್ಣು ಈ ವಿಂಗಡಣೆಗೆ ಒಗ್ಗಿಕೊಂಡಿದೆ. ಒಮ್ಮೆ ಆರಿಸಿದ ಬಣ್ಣವನ್ನು ಹೊರಗಿನ ಫಲಕದಿಂದ ಹಿಡಿದು ಊಟದ ಪಟ್ಟಿಯವರೆಗೆ ಬದಲಿಸದೆ ಉಳಿಸಿಕೊಳ್ಳಿ. ಗೇಲಿಕ್ ಸಾಲು ಸಾಮಾನ್ಯವಾಗಿ ಇಂಗ್ಲಿಷಿಗಿಂತ ಉದ್ದವಾಗುವುದರಿಂದ ಹಲಗೆಯ ಅಳತೆಯನ್ನು ಗೇಲಿಕ್ ಪಠ್ಯ ಕೈಗೆ ಬಂದ ಮೇಲೆಯೇ ನಿಗದಿ ಮಾಡಿ. ಮೊದಲೇ ಹಲಗೆ ಕೊಯ್ಸಿ, ಆಮೇಲೆ ಗೇಲಿಕ್ ಅಕ್ಷರಗಳನ್ನು ಕುಗ್ಗಿಸಿ ತುರುಕುವುದು ಬೇಡ.

ಅನುಮತಿ ಮತ್ತು ಹಣ

ಹೊರಾಂಗಣದ ಜಾಹೀರಾತು ಫಲಕಗಳಿಗೆ ಸ್ಕಾಟ್ಲೆಂಡಿನಲ್ಲಿ 1984ರ ನಿಯಮಾವಳಿ ಅನ್ವಯಿಸುತ್ತದೆ. ಗಾತ್ರ, ಎತ್ತರ, ದೀಪದ ವ್ಯವಸ್ಥೆ ನೋಡಿ ಕೆಲವಕ್ಕೆ ಅನುಮತಿ ಬೇಕು, ಕೆಲವಕ್ಕೆ ಬೇಡ. ಸ್ಥಳೀಯ ಕೌನ್ಸಿಲ್‌ನ ಯೋಜನಾ ವಿಭಾಗದಲ್ಲಿ ಮೊದಲೇ ವಿಚಾರಿಸಿ. ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಪ್ರತ್ಯೇಕ ಒಪ್ಪಿಗೆ ಅಗತ್ಯ. ನೆರವಿನ ಹಣದ ಬಗ್ಗೆ ಗೇಲಿಕ್ ಬೆಳವಣಿಗೆಗಾಗಿ ದುಡಿಯುವ ಬೋರ್ಡ್ ನ ಗಾಲಿಕ್ ಮತ್ತು ಕೋಮನ್ ನ ಗಾಲಿಕ್ ಸಂಸ್ಥೆಗಳಲ್ಲಿ ಕೇಳಿ, ಆ ಹೊತ್ತಿಗೆ ಯಾವ ಯೋಜನೆ ಜಾರಿಯಲ್ಲಿದೆ ಎಂದು ತಿಳಿದುಕೊಳ್ಳಿ. ಫಲಕ ಮಾಡಿಸಿ ಬಿಲ್ ಕೈಯಲ್ಲಿ ಹಿಡಿದು ಹೋಗುವುದಕ್ಕಿಂತ ಕೆಲಸಕ್ಕೆ ಮುನ್ನವೇ ಅರ್ಜಿ ಹಾಕುವುದು ಜಾಣತನ.

ಫಲಕದ ಹಿಂದಿರುವ ಜನ

ಬಹಳ ಮಂದಿ ಫಲಕ ನೇತುಹಾಕಿ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ನಿಜವಾಗಿ ಕೆಲಸ ಶುರುವಾಗುವುದು ಆಗಲೇ. ಹೊರಗೆ ‘ಫಾಲ್ಚ’ ಎಂದು ಓದಿದ ಊರ ಅಜ್ಜಿಯೊಬ್ಬರು ಒಳಗೆ ಬಂದು ‘ಮಾದಿನ್ ವಾ’ ಎಂದು ಬೆಳಗಿನ ನಮಸ್ಕಾರ ಹೇಳಿದಾಗ ಗಲ್ಲಾದ ಹಿಂದಿನವರು ಕಣ್ಣು ಪಿಳುಕಿಸುತ್ತ ನಿಂತರೆ, ಅಜ್ಜಿ ಮುಂದಿನ ಸಲ ಇಂಗ್ಲಿಷಿನಲ್ಲೇ ಮಾತನಾಡುತ್ತಾರೆ, ಫಲಕವನ್ನು ಮತ್ತೆ ನಂಬುವುದಿಲ್ಲ. ಎಲ್ಲ ಕೆಲಸಗಾರರೂ ಗೇಲಿಕ್ ಕಲಿಯಬೇಕೆಂದಲ್ಲ. ಬೆಳಗಿನ ‘ಮಾದಿನ್ ವಾ’, ಮಧ್ಯಾಹ್ನದ ನಂತರದ ‘ಫೆಸ್ಕರ್ ಮಾ’, ಹಿರಿಯರಿಗೂ ಅಪರಿಚಿತರಿಗೂ ಧನ್ಯವಾದ ಹೇಳುವ ‘ತಾಪ ಲೀವ್’ ಈ ಮೂರು ಎಲ್ಲರ ಬಾಯಲ್ಲೂ ಸಲೀಸಾಗಿ ಬರಲಿ. ಗೇಲಿಕ್ ಬಲ್ಲವರು ಯಾರಾದರೂ ಕೆಲಸಕ್ಕಿದ್ದರೆ ಅವರ ಅಂಗಿಯ ಮೇಲೆ ಅದನ್ನು ತಿಳಿಸುವ ಬ್ಯಾಡ್ಜ್ ಇರಲಿ. ಗೇಲಿಕ್ ಮಾಧ್ಯಮದ ಶಿಕ್ಷಣ 1985ರಲ್ಲಿ ಗ್ಲಾಸ್ಗೋ ಮತ್ತು ಇನ್‌ವರ್ನೆಸ್‌ನಲ್ಲಿ ಆರಂಭವಾಗಿ ಈಗ ಅನೇಕ ಊರುಗಳಿಗೆ ಹಬ್ಬಿದೆ. ರಜೆಯಲ್ಲಿ ಅರೆಕಾಲಿಕ ಕೆಲಸ ಹುಡುಕುವ ಹದಿಹರೆಯದವರಲ್ಲಿ ಗೇಲಿಕ್ ಬಲ್ಲವರು ನಿಮ್ಮ ಊರಲ್ಲೇ ಸಿಗಬಹುದು. ಅವರಿಗೆ ಶಾಲೆಯ ಹೊರಗೆ ಆ ಭಾಷೆಯಲ್ಲಿ ಸಂಬಳದ ಕೆಲಸ ಸಿಗುವುದು ಎಷ್ಟು ದೊಡ್ಡ ವಿಷಯ ಎಂಬುದನ್ನು ತುಳು, ಕೊಡವ, ಕೊಂಕಣಿ ಮನೆಮಾತಿನ ಓದುಗರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಇಷ್ಟಾದ ಮೇಲೆ ಭಾಷೆಯನ್ನು ಒಳಕ್ಕೆ ತನ್ನಿ. ಊಟದ ಪಟ್ಟಿಯಲ್ಲಿ ತಿನಿಸುಗಳ ಹೆಸರು ಗೇಲಿಕ್‌ನಲ್ಲಿರಲಿ, ಆದರೆ ಅಲರ್ಜಿಯ ಮಾಹಿತಿ ಇಂಗ್ಲಿಷಿನಲ್ಲಿ ಎದ್ದು ಕಾಣುವಂತಿರಲಿ. ಅಲ್ಲಿ ಅಂದಕ್ಕಿಂತ ಜೀವ ದೊಡ್ಡದು. ಗೋಡೆಯ ಒಂದು ಮೂಲೆಯಲ್ಲಿ ನಿಮ್ಮ ಅಂಗಡಿಯ ಗೇಲಿಕ್ ಹೆಸರು, ಅದರ ಅರ್ಥ, ಅದನ್ನು ಹೇಗೆ ಉಚ್ಚರಿಸಬೇಕು ಎಂಬ ಮೂರು ಸಾಲಿನ ಪುಟ್ಟ ಕಾರ್ಡು ಹಾಕಿ. ಪ್ರವಾಸಿಗಳು ಫೋಟೊ ತೆಗೆಯುವುದು ಇಂಥದ್ದನ್ನೇ, ಮತ್ತು ಆ ಫೋಟೊದಲ್ಲಿ ನಿಮ್ಮ ಅಂಗಡಿಯ ಹೆಸರೂ ದೂರ ಹೋಗುತ್ತದೆ. ಕಾಗದದ ಚೀಲ, ಬಿಲ್ಲು, ಅಂತರ್ಜಾಲ ನಕ್ಷೆಯಲ್ಲಿನ ಹೆಸರು, ಎಲ್ಲೆಡೆ ಕಾಗುಣಿತ ಒಂದೇ ಇರಲಿ. 1892ರಲ್ಲಿ ಓಬನ್‌ನಲ್ಲಿ ಮೊದಲ ಬಾರಿಗೆ ನಡೆದ ಮೋಡ್ ಎಂಬ ಗೇಲಿಕ್ ಉತ್ಸವ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಬೇರೆ ಬೇರೆ ಊರುಗಳಲ್ಲಿ ನಡೆಯುತ್ತದೆ. ಅದು ನಿಮ್ಮ ಊರಿಗೆ ಬರುವುದು ಗೊತ್ತಾದರೆ ಫಲಕದ ಕೆಲಸವನ್ನು ಆ ವರ್ಷದ ಬೇಸಿಗೆಯೊಳಗೆ ಮುಗಿಸಿ. ಹಾಡುಗಾರರು, ಅವರ ಮನೆಯವರು, ಕೇಳುಗರು ಒಂದು ವಾರಕ್ಕೂ ಹೆಚ್ಚು ಕಾಲ ಬೀದಿಯಲ್ಲಿ ಗೇಲಿಕ್ ಓದುತ್ತ ಓಡಾಡುತ್ತಿರುತ್ತಾರೆ.

ಕೊನೆಯದಾಗಿ, ಒಪ್ಪಿಗೆಯಾದ ಗೇಲಿಕ್ ಪಠ್ಯ, ಫಾಂಟಿನ ಹೆಸರು, ಬಣ್ಣದ ಸಂಖ್ಯೆ, ಅನುವಾದಕರ ವಿಳಾಸ ಇವನ್ನೆಲ್ಲ ಒಂದೇ ಕಡತದಲ್ಲಿ ಇಟ್ಟುಕೊಳ್ಳಿ. ಕಡಲ ಗಾಳಿಗೆ ಬಣ್ಣ ಮಾಸಿ ಮತ್ತೆ ಬರೆಸುವ ದಿನ ಬಂದಾಗ ಹೊಸ ಕೆಲಸಗಾರ ಹಳೆಯ ಫಲಕವನ್ನು ನೋಡಿಕೊಂಡೇ ಬರೆಯುತ್ತಾನೆ, ಮತ್ತು ಮಾಸಿದ ಫಲಕದಲ್ಲಿ ಮೊದಲು ಕಾಣದಾಗುವುದು ಆ ಓರೆಗೆರೆಗಳೇ.